ಎಕ್ಸ್‌ರೇ ಸರಿಯಿದೆ, ಮಂಡಿ ಮಾತ್ರ ನೋಯುತ್ತಲೇ ಇದೆ: ಕೀಲು ಬದಲಿಸಿದ 9 ತಿಂಗಳ ನಂತರ ಏನು ಮಾಡಬೇಕು?

ಎಡಮಂಡಿ (ಪ್ರಶ್ನೆ):

ನನಗೆ 63 ವರ್ಷ. ಮೂಳೆ ಸವೆದು ಹಾಳಾಗಿದ್ದ ಎಡ ಮಂಡಿಯ ಕೀಲನ್ನು ಪೂರ್ಣವಾಗಿ ಬದಲಿಸಿ 9 ತಿಂಗಳಾಯಿತು. ಮೊದಲ ಕೆಲವು ವಾರಗಳ ನೋವಿಗೆ ಮನಸ್ಸನ್ನು ಸಿದ್ಧಪಡಿಸಿಕೊಂಡಿದ್ದೆ, ಸಹಿಸಿಕೊಂಡೆ. ಮೂರನೆಯ ತಿಂಗಳಿಗೆ ಊರುಗೋಲು ಬಿಟ್ಟೆ. ಮಂಡಿ ಈಗ 110 ಡಿಗ್ರಿಯವರೆಗೆ ಮಡಚುತ್ತದೆ. ಮೂಳೆಗೆ ಮೂಳೆ ಉಜ್ಜುವಂತಿದ್ದ ಹಳೆಯ ನೋವು ನಿಜವಾಗಿಯೂ ಹೋಗಿದೆ, ಆದರೆ ಅದರ ಜಾಗದಲ್ಲಿ ಬೇರೆಯೇ ನೋವು ಬಂದು ಕುಳಿತಿದೆ.

ಹೊಲಿಗೆಯ ಕಲೆಯ ಒಳಬದಿಯಲ್ಲಿ ಬೆರಳಗಲದ ಒಂದು ಜಾಗ ಸದಾ ಉರಿಯುತ್ತದೆ. ರಾತ್ರಿ ಹೊದಿಕೆ ತಾಗಿದರೂ ಎಚ್ಚರವಾಗುತ್ತದೆ. ಕಲೆಯ ಹೊರಬದಿ ಮಾತ್ರ ಜೋಮು ಹಿಡಿದಂತೆ ಮಂಕಾಗಿದೆ. ಇದಲ್ಲದೆ, ಮೆಟ್ಟಿಲು ಹತ್ತಿಳಿದ ದಿನ ಸಂಜೆಯ ಹೊತ್ತಿಗೆ ಮಂಡಿಯ ಮುಂಭಾಗವೆಲ್ಲ ಹಿಂಡಿದಂತೆ ನೋಯುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು ಎಕ್ಸ್‌ರೇ ನೋಡಿ ಎಲ್ಲ ಸರಿಯಿದೆ ಎಂದರು. ಹೊಸ ಮಂಡಿಗೆ ಎಂಥ ನೋವು ಎಂದು ಮನೆಯವರು ಕೇಳುತ್ತಾರೆ, ನನ್ನ ಬಳಿ ಉತ್ತರವಿಲ್ಲ. ಇನ್ನೂ ಕಾಯಬೇಕೆ, ಮತ್ತೊಂದು ಶಸ್ತ್ರಚಿಕಿತ್ಸೆಗೆ ಕೇಳಬೇಕೆ, ಅಥವಾ ಇದು ಇಷ್ಟೇ ಎಂದು ಒಪ್ಪಿಕೊಳ್ಳಬೇಕೆ?

ನಿಧಾನನಡಿಗೆ:

ಎಡಮಂಡಿಯವರೇ, ಮೊದಲಿಗೆ ಮನೆಯವರಿಗೆ ಹೇಳಬಹುದಾದ ಒಂದು ಮಾತು. ಮಂಡಿಯ ಕೀಲು ಬದಲಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತಿಂಗಳುಗಳು ಕಳೆದ ಮೇಲೂ ಗಣನೀಯ ನೋವು ಉಳಿಯುತ್ತದೆ. ಸೊಂಟದ ಕೀಲಿನಲ್ಲಿ ಈ ಪ್ರಮಾಣ ಕಡಿಮೆ. ಹಾಗಾಗಿ ನಿಮ್ಮದು ವಿಚಿತ್ರವಾದ ಪ್ರಕರಣವಲ್ಲ, ನೆಪವೂ ಅಲ್ಲ.

ನಾನೂ ಒಂದೂವರೆ ವರ್ಷ ಹೀಗೆಯೇ ಅಲೆದೆ. ಕೊನೆಗೆ ಒಬ್ಬ ವೈದ್ಯರು ಮಂಡಿಯನ್ನು ಮುಟ್ಟುವ ಮೊದಲು ನನ್ನನ್ನು ಮಲಗಿಸಿ ಸೊಂಟದ ಕೀಲನ್ನು ತಿರುಗಿಸಿ ನೋಡಿದರು, ಆಗ ಮಂಡಿಯಲ್ಲಿಯೇ ನೋವು ಎದ್ದಿತು. ಸವೆದ ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದು ವೈದ್ಯರಿಗೆ ಹೊಸದಲ್ಲವಂತೆ. ಬೆನ್ನುಮೂಳೆಯಲ್ಲಿ ನರ ಒತ್ತಿದರೂ ಹಾಗೆಯೇ ಆಗುತ್ತದೆ. ಅಲ್ಲಿಯವರೆಗೆ ನನ್ನ ಮಂಡಿಗೆ ತೆಗೆಸಿದ್ದ ಎಕ್ಸ್‌ರೇಗಳನ್ನು ಗೋಡೆಗೆ ಅಂಟಿಸಿದರೆ ಒಂದು ಕೋಣೆ ತುಂಬುತ್ತಿತ್ತು.

ಕೀಲುವೈದ್ಯ (ನಿವೃತ್ತ):

ಪ್ರಶ್ನೆ ಕೇಳಿದವರು ಎರಡು ನೋವುಗಳನ್ನು ಅರಿವಿಲ್ಲದೆಯೇ ಚೆನ್ನಾಗಿ ಬೇರ್ಪಡಿಸಿ ಬರೆದಿದ್ದಾರೆ. ಚಿಕಿತ್ಸೆಯ ಅರ್ಧ ಕೆಲಸ ಅಲ್ಲಿಯೇ ಇದೆ, ಏಕೆಂದರೆ ಉರಿಯುವ ನೋವಿಗೂ ಹಿಂಡುವ ನೋವಿಗೂ ಕಾರಣ ಒಂದೇ ಎಂದುಕೊಂಡು ಒಂದೇ ಮಾತ್ರೆ ನುಂಗಿದರೆ ಎರಡೂ ಉಳಿಯುತ್ತವೆ.

ಮೊದಲು ತಳ್ಳಿಹಾಕಬೇಕಾದದ್ದು ಸೋಂಕನ್ನು. ಕೃತಕ ಕೀಲಿನ ಸೋಂಕು ಯಾವಾಗಲೂ ಜ್ವರ, ಕೆಂಪು, ಕೀವುಗಳೊಂದಿಗೆ ಬರುವುದಿಲ್ಲ. ಮಂದವಾದ ನೋವು ಮಾತ್ರವೇ ಅದರ ಲಕ್ಷಣವಾಗಿರಬಹುದು, ಅದು ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಆದ್ದರಿಂದ ದೇಹದಲ್ಲಿನ ಉರಿಯೂತವನ್ನು ತೋರಿಸುವ ಸಿಆರ್‌ಪಿ ಮತ್ತು ಇಎಸ್‌ಆರ್ ಎಂಬ ಸರಳ ರಕ್ತಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳಿ. ಶಸ್ತ್ರಚಿಕಿತ್ಸೆಯ ನಂತರ ಏರಿದ ಸಿಆರ್‌ಪಿ ಕೆಲವೇ ವಾರಗಳಲ್ಲಿ ಇಳಿಯಬೇಕು, ಇಎಸ್‌ಆರ್ ಇಳಿಯಲು ಹೆಚ್ಚು ಕಾಲ ಬೇಕು. 9ನೆಯ ತಿಂಗಳಲ್ಲಿಯೂ ಅವು ಏರಿದ್ದರೆ ಕೀಲಿನಿಂದ ಸೂಜಿಯ ಮೂಲಕ ದ್ರವ ತೆಗೆದು ಪರೀಕ್ಷಿಸಬೇಕಾಗುತ್ತದೆ. ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ದ್ರವ ತೆಗೆಯುವ ಮೊದಲು, ಯಾವುದಕ್ಕೂ ಇರಲಿ ಎಂದು ಆ್ಯಂಟಿಬಯಾಟಿಕ್ ತೆಗೆದುಕೊಳ್ಳಬೇಡಿ. ರೋಗಾಣು ಸಾಯದೆ ಅಡಗಿಕೊಳ್ಳುತ್ತದೆ, ವರದಿಯಲ್ಲಿ ಏನೂ ಇಲ್ಲವೆಂದು ಬರುತ್ತದೆ, ಆ ಸುಳ್ಳು ಸಮಾಧಾನದಲ್ಲಿ ತಿಂಗಳುಗಳು ಕಳೆದುಹೋಗುತ್ತವೆ.

ಇನ್ನು ಕೃತಕ ಕೀಲಿನ ಭಾಗಗಳು. ಕುಳಿತು ಎದ್ದಾಗ ಮೊದಲ ಕೆಲವು ಹೆಜ್ಜೆಗಳಲ್ಲಿ ನೋವು ಚುಚ್ಚಿ ನಂತರ ಕಡಿಮೆಯಾಗುವುದಾದರೆ ಭಾಗ ಸಡಿಲಗೊಂಡಿರುವ ಅನುಮಾನ ಬರುತ್ತದೆ. ಇಳಿಯುವಾಗ ಮಂಡಿ ಕೈಕೊಡುವಂತಾದರೆ ಅಸ್ಥಿರತೆಯನ್ನು ನೋಡಬೇಕು. ಮೆಟ್ಟಿಲಿನಲ್ಲಿ ಮುಂಭಾಗ ನೋಯುವುದು ಮಂಡಿಚಿಪ್ಪಿನ ಜಾರುದಾರಿಯ ತೊಂದರೆಯಿಂದಿರಬಹುದು, ತೊಡೆಯ ಮುಂಭಾಗದ ಸ್ನಾಯು ಇನ್ನೂ ಬಲ ಪಡೆಯದಿರುವುದರಿಂದಲೂ ಇರಬಹುದು. ಎರಡನೆಯದೇ ಹೆಚ್ಚು ಸಾಮಾನ್ಯ. ಇತ್ತೀಚಿನ ಎಕ್ಸ್‌ರೇಯನ್ನು ಒಂಟಿಯಾಗಿ ನೋಡದೆ, ಶಸ್ತ್ರಚಿಕಿತ್ಸೆಯಾದ ಕೂಡಲೇ ತೆಗೆದದ್ದರ ಪಕ್ಕದಲ್ಲಿಟ್ಟು ನೋಡಬೇಕೆಂದು ಕೇಳಿ. ಭಾಗವನ್ನು ಕೂರಿಸುವಾಗ ತಿರುವು ತಪ್ಪಿದ್ದರೆ ಅದು ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತದೆ, ಸಾಮಾನ್ಯ ಎಕ್ಸ್‌ರೇಯಲ್ಲಿ ಅಲ್ಲ. ಮೂಳೆಯ ಚಟುವಟಿಕೆ ಹೆಚ್ಚಿರುವ ಜಾಗವನ್ನು ಹೊಳಪಾಗಿ ತೋರಿಸುವ ಬೋನ್ ಸ್ಕ್ಯಾನ್ ಮಾಡಿಸಲು ಯಾರಾದರೂ ಅವಸರಪಡಿಸಿದರೆ, ಚೆನ್ನಾಗಿರುವ ಮಂಡಿಯೂ ಮೊದಲ ವರ್ಷದಲ್ಲಿ, ಕೆಲವೊಮ್ಮೆ ಅದರಾಚೆಗೂ, ಆ ಚಿತ್ರದಲ್ಲಿ ಹೊಳೆಯುತ್ತದೆ ಎಂಬುದು ನೆನಪಿರಲಿ.

ಉರಿಯುವ ಆ ಬೆರಳಗಲದ ಜಾಗಕ್ಕೆ ಬರುತ್ತೇನೆ. ಮಂಡಿಯ ಮುಂಭಾಗದ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುವ ಸಣ್ಣ ನರವೊಂದು ಒಳಬದಿಯಿಂದ ಹೊರಬದಿಗೆ ಹಾದುಹೋಗುತ್ತದೆ. ನಡುವೆ ಉದ್ದವಾಗಿ ಕೊಯ್ಯುವಾಗ ಅದರ ಕವಲುಗಳು ಬಹುಮಟ್ಟಿಗೆ ತುಂಡಾಗಿಯೇ ತೀರುತ್ತವೆ. ಹೊರಬದಿಯ ಜೋಮು ಅದರ ಫಲ. ಅದು ನಿರುಪದ್ರವಿ, ಕಾಲಕ್ರಮೇಣ ಕುಗ್ಗಬಹುದು. ಆದರೆ ಕತ್ತರಿಸಿದ ತುದಿ ಕೆಲವರಲ್ಲಿ ಸಣ್ಣ ಗಂಟಾಗಿ ಬೆಳೆದು, ಮುಟ್ಟಿದರೆ ಉರಿಯುವಂತಾಗುತ್ತದೆ. ವೈದ್ಯರು ಆ ಜಾಗವನ್ನು ಬೆರಳಿನಿಂದ ತಟ್ಟಿದಾಗ ಮಿಂಚು ಹರಿದಂತಾದರೆ, ಅಲ್ಲಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ಉರಿ ಕೆಲವು ಗಂಟೆ ಪೂರ್ತಿ ನಿಂತರೆ, ಕಾರಣ ಬಹುಮಟ್ಟಿಗೆ ಸಿಕ್ಕಿತೆಂದೇ ಅರ್ಥ.

ನರದ ನೋವಿಗೆ ಸಾಮಾನ್ಯ ನೋವುನಿವಾರಕಗಳು ಹೆಚ್ಚು ಕೆಲಸ ಮಾಡುವುದಿಲ್ಲ. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರಿಗ್ಯಾಬಲಿನ್‌ಗಳಂಥ ಔಷಧಗಳನ್ನು ಸಣ್ಣ ಪ್ರಮಾಣದಿಂದ ಆರಂಭಿಸಿ ಏರಿಸುತ್ತಾರೆ. ಇವುಗಳಿಂದ ಮಂಪರು ಬರಬಹುದು, ಬೀಳುವ ಅಪಾಯವಿದೆ, ಇದ್ದಕ್ಕಿದ್ದಂತೆ ನಿಲ್ಲಿಸುವಂತಿಲ್ಲ. ಓಪಿಯಾಯ್ಡ್ ಗುಂಪಿನ (ಅಫೀಮಿನ ಜಾತಿಯ ಪ್ರಬಲ ನೋವುನಿವಾರಕ) ಮಾತ್ರೆಗಳನ್ನು ಇಷ್ಟು ದೀರ್ಘಕಾಲ ಮುಂದುವರಿಸುವುದನ್ನು ನಾನು ಯಾರಿಗೂ ಹೇಳಿಲ್ಲ.

ಮತ್ತೊಂದು ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾಗಿದೆ. ಕಾರಣ ತಿಳಿಯದೆ, ಕೇವಲ ನೋವಿದೆ ಎಂದು ಕೀಲನ್ನು ಮತ್ತೆ ಬದಲಿಸಿದವರಲ್ಲಿ ನೋವು ಹೋಗುವುದು ಅಪರೂಪ. ಹುಡುಕಲೆಂದು ಮಂಡಿ ತೆರೆಯಬಾರದು. ಸಿಕ್ಕಿದ ಮೇಲೆ ತೆರೆಯಬೇಕು.

ಎರಡನೆಯಸಲ:

ಮೇಲಿನ ಮಾತಿಗೆ ಒಂದು ತಿದ್ದುಪಡಿಯಲ್ಲ, ಸೇರ್ಪಡೆ. ನನಗೆ ಮತ್ತೆ ಶಸ್ತ್ರಚಿಕಿತ್ಸೆಯಾಗಿದೆ, ಅದರಿಂದ ಗುಣವೂ ಆಗಿದೆ. ಆದರೆ ನನ್ನ ಕಾಲಿನ ಮೂಳೆಯೊಳಗಿನ ಕೃತಕ ಭಾಗ ಸಡಿಲಗೊಂಡದ್ದು ಎರಡು ಎಕ್ಸ್‌ರೇಗಳ ಹೋಲಿಕೆಯಲ್ಲಿ ಕಣ್ಣಿಗೆ ಕಾಣುವಂತಿತ್ತು. ನನ್ನ ಕಥೆಯನ್ನು ಕೇಳಿ ಕಾರಣವಿಲ್ಲದೆ ಅದೇ ಹಾದಿ ಹಿಡಿದವರೊಬ್ಬರು ಈಗಲೂ ನೋವಿನಲ್ಲಿಯೇ ಇದ್ದಾರೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಫಿಸಿಯೋ:

ಸಂಜೆಯ ಹಿಂಡುವ ನೋವು ನನ್ನ ಕೆಲಸಕ್ಕೆ ಸೇರಿದ್ದು. ಇಂಥವರಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಒಂದೇ ಕ್ರಮ: ನೋವು ಕಡಿಮೆಯಿರುವ ದಿನ ಬಾಕಿ ಕೆಲಸಗಳನ್ನೆಲ್ಲ ಮುಗಿಸುತ್ತಾರೆ, ಮುಂದಿನ ಎರಡು ದಿನ ಮಲಗುತ್ತಾರೆ, ಸ್ನಾಯು ಇನ್ನಷ್ಟು ಸೊರಗುತ್ತದೆ. ಎರಡು ವಾರ ದಿನಚರಿ ಬರೆಯಿರಿ. ಎಷ್ಟು ನಿಮಿಷ ನಡೆದಿರಿ, ಎಷ್ಟು ಮೆಟ್ಟಿಲು, ಅಂದು ಸಂಜೆ ಮತ್ತು ಮರುದಿನ ಬೆಳಿಗ್ಗೆ ನೋವು ಹತ್ತರಲ್ಲಿ ಎಷ್ಟು ಎಂಬಷ್ಟು ಸಾಕು. ಕೆಟ್ಟ ದಿನದಲ್ಲಿಯೂ ಮಾಡಬಲ್ಲಷ್ಟನ್ನು ನಿಮ್ಮ ಅಳತೆಯಾಗಿಟ್ಟುಕೊಂಡು, ಒಳ್ಳೆಯ ದಿನದಲ್ಲಿಯೂ ಅಷ್ಟೇ ಮಾಡಿ, ವಾರಕ್ಕೊಮ್ಮೆ ಸ್ವಲ್ಪವೇ ಏರಿಸಿ. ವ್ಯಾಯಾಮದ ನಂತರ ಏರಿದ ನೋವು ಮರುದಿನ ಬೆಳಿಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಯಬಹುದು, ಇಳಿಯದಿದ್ದರೆ ಅಳತೆ ಹೆಚ್ಚಾಯಿತೆಂದು ತಿಳಿಯಿರಿ. ಸಂಜೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15ರಿಂದ 20 ನಿಮಿಷ ಇಡಬಹುದು, ಆದರೆ ಜೋಮು ಹಿಡಿದ ಭಾಗದ ಮೇಲೆ ಬೇಡ. ಅಲ್ಲಿ ಚರ್ಮ ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಉರಿಯುವ ಜಾಗವನ್ನು ಮುಚ್ಚಿಟ್ಟು ಕಾಪಾಡುವುದಕ್ಕಿಂತ, ದಿನಕ್ಕೆ ಹಲವು ಬಾರಿ ಮೊದಲು ಹತ್ತಿಯಿಂದ, ಅದು ಒಗ್ಗಿದ ಮೇಲೆ ಒರಟು ಬಟ್ಟೆಯಿಂದ ಮೆಲ್ಲಗೆ ಸವರುತ್ತ ಬಂದರೆ ನರ ಅಷ್ಟಷ್ಟಾಗಿ ಸ್ಪರ್ಶಕ್ಕೆ ಹೊಂದಿಕೊಳ್ಳುತ್ತದೆ.

ಕೀಲುವೈದ್ಯ (ನಿವೃತ್ತ):

ಬರೆಯಲು ಮರೆತದ್ದು: ಹೊಸದಾಗಿ ಜ್ವರ, ಮಂಡಿಯ ಹೆಚ್ಚುತ್ತಿರುವ ಕೆಂಪು ಅಥವಾ ಬಿಸಿ, ಕಲೆಯಿಂದ ಸ್ರಾವ, ಏಕಾಏಕಿ ಕಾಲೂರಲಾಗದ ಸ್ಥಿತಿ, ಮೀನಖಂಡದ ಊತ, ಉಸಿರಾಟದ ತೊಂದರೆ, ಇವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಎಡಮಂಡಿ:

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ರಕ್ತಪರೀಕ್ಷೆಗಳೆರಡೂ ಸಹಜವಾಗಿವೆ, ಹಳೆಯ ಮತ್ತು ಹೊಸ ಎಕ್ಸ್‌ರೇಗಳಲ್ಲಿ ವ್ಯತ್ಯಾಸವಿಲ್ಲ. ಬೇರೊಬ್ಬ ವೈದ್ಯರು ಉರಿಯುವ ಜಾಗವನ್ನು ತಟ್ಟಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮರಗಟ್ಟಿಸುವ ಚುಚ್ಚುಮದ್ದಿನ ನಂತರ ಉರಿ ಸುಮಾರು ನಾಲ್ಕು ಗಂಟೆ ಇಲ್ಲವಾಗಿತ್ತು. ಅಂದು ಸಂಜೆ ಮೆಟ್ಟಿಲಿನ ನೋವು ಮಾತ್ರ ಎಂದಿನಂತೆಯೇ ಬಂದಿತು. ಎರಡೂ ಬೇರೆ ಬೇರೆ ಎಂಬುದು ಹೀಗೆ ನನ್ನ ಮಂಡಿಯಲ್ಲಿಯೇ ಸಾಬೀತಾಯಿತು. ಈಗ ರಾತ್ರಿ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದೇನೆ, ಹೊದಿಕೆ ತಾಗಿ ಏಳುವುದು ವಾರಕ್ಕೆ ಎರಡು ಬಾರಿಗೆ ಇಳಿದಿದೆ. ನನ್ನ ಅಳತೆ 12 ನಿಮಿಷದ ನಡಿಗೆಯಿಂದ 18ಕ್ಕೆ ಏರಿದೆ. ಬೆಳಿಗ್ಗೆ ಎದ್ದಾಗ ಒಂದು ಗಂಟೆ ಮಂಪರಾಗಿರುತ್ತದೆ, ಇದಕ್ಕೇನಾದರೂ ದಾರಿಯಿದೆಯೇ?

ಕೀಲುವೈದ್ಯ (ನಿವೃತ್ತ):

ಮಲಗುವ ಹೊತ್ತಿಗೆ ತೆಗೆದುಕೊಳ್ಳುತ್ತಿದ್ದರೆ, ಅದನ್ನು ಎರಡು ಗಂಟೆ ಮುಂಚೆ ತೆಗೆದುಕೊಳ್ಳಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಆ ಒಂದು ಗಂಟೆ ಮೆಟ್ಟಿಲು ಇಳಿಯಬೇಡಿ.