ಅಪ್‌ಡೇಟ್: ರಾಜಿಯಾದ ಮೇಲೆ ಬಂದ ಮಾನನಷ್ಟ ದಾವೆ

ಅಮ್ಮನ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಾದ ನಿರ್ಲಕ್ಷ್ಯದ ದೂರು ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ರಾಜಿಯಾದ ಮೇಲೂ ವೈದ್ಯರು ನಮ್ಮ ವಿರುದ್ಧವೇ ಮಾನನಷ್ಟ ದಾವೆ ಹೂಡಿದ್ದಾರೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞನಾಗಿದ್ದೇನೆ.

ನೀವು ಹೇಳಿದಂತೆ ರಾಜಿ ಪತ್ರದ ದೃಢೀಕೃತ ನಕಲು ತೆಗೆಸಿ ವಕೀಲರಿಗೆ ಕೊಟ್ಟೆ. ಈ ವಿಷಯವಾಗಿ ಉಭಯ ಪಕ್ಷಕಾರರೂ ಮುಂದೆ ಯಾವ ಮೊಕದ್ದಮೆಯನ್ನೂ ಹೂಡತಕ್ಕದ್ದಲ್ಲ ಎಂಬ ನಾಲ್ಕನೇ ಕಲಮಿನ ಕೆಳಗೆ ಅವರು ಪೆನ್ಸಿಲಿನಿಂದ ಗೆರೆ ಎಳೆದರು; ಅಮ್ಮ ನಡುಗುವ ಕೈಯಿಂದ ಹೆಬ್ಬೆಟ್ಟು ಒತ್ತಿದ್ದು ಆ ಸಾಲಿನ ಪಕ್ಕದಲ್ಲೇ. ಅದನ್ನು ನೋಡಿ ನನಗೆ ಗಂಟಲು ಕಟ್ಟಿತು.

ಸಮನ್ಸ್ ತಲುಪಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ಅದಕ್ಕೂ ಮೀರಿದರೆ ನ್ಯಾಯಾಲಯದ ಅನುಮತಿ ಬೇಕು ಎಂದು ವಕೀಲರು ಎಚ್ಚರಿಸಿದ್ದರಿಂದ, ರಾಜಿ ಪತ್ರವನ್ನೂ ಆಯೋಗದ ಆದೇಶವನ್ನೂ ಲಗತ್ತಿಸಿ 26ನೇ ದಿನವೇ ಸಲ್ಲಿಸಿದೆವು. ದಾವೆಯನ್ನು ಆರಂಭದಲ್ಲೇ ವಜಾಗೊಳಿಸುವಂತೆ ಕೋರಿದ ನಮ್ಮ ಅರ್ಜಿಯ ವಿಚಾರಣೆ ಮುಂದಿನ ತಿಂಗಳಿದೆ.