ಆಮೆ ನಾಯಿಕೊಡೆ ತಿಂದಿದೆ, ಅನುಭವವಿದ್ದವರು ದಯವಿಟ್ಟು ಹೇಳಿ

ನಮ್ಮ ಮನೆಯಲ್ಲಿ ಹನ್ನೊಂದು ವರ್ಷದ ಸುಲ್ಕಾಟಾ ಆಮೆ ಇದೆ. ನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ ಇಂದು ಬೆಳಗ್ಗೆ ಹಿತ್ತಲಿನ ಹುಲ್ಲಿನಲ್ಲಿ ದೊಡ್ಡ ದೊಡ್ಡ ಬಿಳಿ ನಾಯಿಕೊಡೆಗಳು ಎದ್ದಿದ್ದವು. ನಾನು ನೋಡುವಷ್ಟರಲ್ಲಿ ಒಂದರ ಛತ್ರಿ ಅರ್ಧ ಮಾಯವಾಗಿತ್ತು. ಉಳಿದ ಅಂಚಿನಲ್ಲಿ ಆಮೆ ಕಚ್ಚಿದ ಅರ್ಧಚಂದ್ರದ ಗುರುತು. ಈಗ ಮೂರು ಗಂಟೆ ಕಳೆದಿದೆ. ಎಂದಿನಂತೆ ಓಡಾಡುತ್ತಿದೆ, ಹುಲ್ಲು ಮೇಯುತ್ತಿದೆ. ‘ವಿಷ ಯಾವುದೆಂದು ಪ್ರಾಣಿಗಳಿಗೆ ಗೊತ್ತಿರುತ್ತದೆ, ಸುಮ್ಮನಿರಮ್ಮ’ ಎಂದು ಮಾವನವರು ಧೈರ್ಯ ಹೇಳುತ್ತಿದ್ದಾರೆ. ಕಾದು ನೋಡಬಹುದೇ, ಈಗಲೇ ವೈದ್ಯರ ಬಳಿಗೆ ಹೋಗಬೇಕೇ?

ಹರ್ಮನ್ ಆಮೆ ಸಾಕಿದ್ದವರು:

ಕಾಯಬೇಡಿ. ನಾನು ಕಾದಿದ್ದೆ.

ಮರದ ಬುಡದಲ್ಲಿದ್ದ ಅಣಬೆಯನ್ನು ತಿಂದ ದಿನ ನನ್ನ ಆಮೆ ಚೆನ್ನಾಗಿಯೇ ಇತ್ತು. ಮರುದಿನವೂ ಬಿಸಿಲು ಕಾಯಿಸಿಕೊಂಡಿತು. ಗಂಡಾಂತರ ಕಳೆಯಿತು ಎಂದುಕೊಂಡು ಉಳಿದ ಅಣಬೆಗಳನ್ನೆಲ್ಲ ಕಿತ್ತು ಕಸಕ್ಕೆ ಹಾಕಿದೆ. ನಾಲ್ಕನೆಯ ದಿನ ಬೆಳಗ್ಗೆ ಅದು ಕತ್ತನ್ನು ನೆಲಕ್ಕೆ ಚಾಚಿ ಮಲಗಿತ್ತು. ಕಾಲಿಗೆ ಬೆರಳು ತಾಗಿದರೆ ಸಾಕು, ಸರಕ್ಕನೆ ಚಿಪ್ಪಿನೊಳಗೆ ಎಳೆದುಕೊಳ್ಳುತ್ತಿದ್ದ ಪ್ರಾಣಿ. ಅಂದು ಕಾಲನ್ನು ಹಿಡಿದು ಎತ್ತಿದರೂ ಹಾಗೆಯೇ ಬಿಟ್ಟಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಯಾವ ಅಣಬೆ?’ ನನ್ನ ಬಳಿ ಒಂದು ಚೂರೂ ಇರಲಿಲ್ಲ, ಫೋಟೊ ಸಹ ಇರಲಿಲ್ಲ. ಒಂಬತ್ತು ದಿನ ಶುಶ್ರೂಷೆ ನಡೆಯಿತು. ಉಳಿಯಲಿಲ್ಲ. ಅಣಬೆಯೇ ಕಾರಣವೆಂದು ಖಚಿತವಾಗಿ ಹೇಳುವುದಕ್ಕೂ ಆಗಲಿಲ್ಲ. ಆ ಕೊರಗು ಇನ್ನೂ ಇದೆ.

ಆಮೆಯ ಮೈಯಲ್ಲಿ ಎಲ್ಲವೂ ನಿಧಾನ. ಹುಲ್ಲು ಮೇಯುವ ಆಮೆಯ ಹೊಟ್ಟೆಗೆ ಹೋದದ್ದು ಹೊರಗೆ ಬರಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ನಾಯಿಯಂತೆ ಸುಲಭವಾಗಿ ಕಕ್ಕಿ ಹೊರಹಾಕುವುದೂ ಇಲ್ಲ. ಮನುಷ್ಯರ ವಿಷಯವನ್ನೇ ನೋಡಿ: ಡೆತ್ ಕ್ಯಾಪ್ ಎಂಬ ಅಣಬೆ ತಿಂದವರಿಗೆ ಸಾಮಾನ್ಯವಾಗಿ 6ರಿಂದ 12 ಗಂಟೆಗಳವರೆಗೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ವಾಂತಿಭೇದಿ. ಅದು ನಿಂತು ‘ಸುಧಾರಿಸಿತು’ ಎನ್ನುವ ಹೊತ್ತಿಗೆ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಬಿಸಿರಕ್ತದ ದೇಹದಲ್ಲಿಯೇ ಹೀಗಿರುವಾಗ, ಮೂರು ಗಂಟೆಯಾದರೂ ಆಮೆ ಮೇಯುತ್ತಿದೆ ಎನ್ನುವುದನ್ನು ನಂಬಿ ಕೂರಬೇಡಿ.

ಹೊರಡುವ ಮೊದಲು ಒಂದು ಕೆಲಸ ಮಾಡಿ. ಕಚ್ಚಿದ ಅಣಬೆಯನ್ನೂ, ಪಕ್ಕದಲ್ಲಿರುವ ಎಳೆಯದು ಮತ್ತು ಬಲಿತದ್ದು ಒಂದೊಂದನ್ನೂ ಮಣ್ಣಿನೊಳಗಿನ ಬುಡದ ಸಮೇತ ಅಗೆದು ತೆಗೆಯಿರಿ. ಡೆತ್ ಕ್ಯಾಪ್‌ನ ಬುಡದಲ್ಲಿ ಹರಿದ ಚೀಲದಂತಹ ಪೊರೆ ಇರುತ್ತದೆ. ಮೇಲಿನಿಂದ ಕಿತ್ತರೆ ಆ ಗುರುತು ಮಣ್ಣಿನಲ್ಲಿಯೇ ಉಳಿದುಬಿಡುತ್ತದೆ. ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಬೇಗ ಕೊಳೆಯುತ್ತದೆ. ಸರೀಸೃಪಗಳನ್ನು ನೋಡಿ ಅನುಭವವಿರುವ ಪಶುವೈದ್ಯರಿಗೆ ಮೊದಲೇ ಫೋನ್ ಮಾಡಿ. ಉಪ್ಪುನೀರು, ಹಾಲು, ಎಣ್ಣೆ ಏನನ್ನೂ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದರೆ ಅದೇ ಇನ್ನೊಂದು ಕಾಯಿಲೆಯಾಗುತ್ತದೆ. ಇದ್ದಿಲ ಔಷಧಿ ಬೇಕೆನಿಸಿದರೆ ವೈದ್ಯರೇ ನಳಿಕೆಯಿಂದ ಹೊಟ್ಟೆಗೆ ಕೊಡುತ್ತಾರೆ.

ಕೆಂಪುಗಾಲಿನ ಆಮೆ ಸಾಕುತ್ತಿರುವವರು:

ನಿಮ್ಮ ಮಾವನವರ ಮಾತು ಎಲ್ಲಿಂದ ಬಂದಿರಬಹುದು ಎಂದು ನನಗೆ ಗೊತ್ತು, ನಾನೂ ಹಾಗೆಯೇ ನಂಬಿದ್ದೆ. ಕೆಂಪುಗಾಲಿನ ಆಮೆಗಳು ಕಾಡಿನಲ್ಲಿ ಹಣ್ಣಿನ ಜೊತೆ ಅಣಬೆಯನ್ನೂ ತಿನ್ನುತ್ತವೆ. ಉತ್ತರ ಅಮೆರಿಕದ ಬಾಕ್ಸ್ ಆಮೆಗಳಂತೂ ಮನುಷ್ಯರಿಗೆ ವಿಷವಾದ ಅಣಬೆಗಳನ್ನೂ ತಿಂದು ಆರಾಮವಾಗಿರುತ್ತವೆ. ಆದರೆ ನಿಮ್ಮದು ಸುಲ್ಕಾಟಾ, ಆಫ್ರಿಕದ ಸಹಾರಾ ಅಂಚಿನ ಒಣ ನೆಲದ ಪ್ರಾಣಿ. ಅದರ ಪೂರ್ವಿಕರು ಹುಲ್ಲು ಮೇದು ಬದುಕಿದವರು, ತೇವದ ಕಾಡಿನ ಅಣಬೆಗಳ ಜೊತೆ ಅವಕ್ಕೆ ಒಡನಾಟವೇ ಇರಲಿಲ್ಲ. ಬಾಕ್ಸ್ ಆಮೆಗೆ ದಕ್ಕಿದ್ದು ಇದಕ್ಕೂ ದಕ್ಕುತ್ತದೆ ಎಂದು ಹೇಗೆ ಹೇಳುವುದು? ನನ್ನ ಆಮೆಗೂ ನಾನು ಕೊಡುವುದು ಅಂಗಡಿಯಿಂದ ತಂದ ಅಣಬೆ ಮಾತ್ರ, ಅದೂ ಅಪರೂಪಕ್ಕೆ.

ಇನ್ನೊಂದು ಮಾತನ್ನು ಕಳಕಳಿಯಿಂದ ಹೇಳುತ್ತೇನೆ. ಆಮೆ ತಿಂದು ಚೆನ್ನಾಗಿದೆ ಎಂದು ಉಳಿದ ಅಣಬೆಯನ್ನು ಮನೆಯವರು ಅಡುಗೆಗೆ ತೆಗೆದುಕೊಳ್ಳದಂತೆ ನೋಡಿಕೊಳ್ಳಿ. ಗೊಂಡೆಹುಳು ಡೆತ್ ಕ್ಯಾಪ್ ತಿಂದರೂ ಸಾಯುವುದಿಲ್ಲ. ಆ ಅಣಬೆಯ ವಿಷ ಬೇಯಿಸಿದರೂ ಹೋಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಇಲ್ಲದಿದ್ದರೆ ಇಲ್ಲ ಎನ್ನುವ ಪರೀಕ್ಷೆಯನ್ನು ನಂಬಿ ಜೀವ ಕಳೆದುಕೊಂಡವರಿದ್ದಾರೆ.

ಹೆಸರು ಬೇಡ ಎಂದವರು:

ಹುಲ್ಲಿನ ಮೇಲೆ ದೊಡ್ಡ ಬಿಳಿ ಛತ್ರಿ ಎಂದಿದ್ದೀರಿ. ನಮ್ಮಲ್ಲಿಯೂ ಅಂಥದ್ದೇ ಎದ್ದಿತ್ತು. ಬಲಿತ ಛತ್ರಿಯ ತೊಟ್ಟು ತೆಗೆದು, ಪದರಗಳು ಕೆಳಗಾಗುವಂತೆ ಬಿಳಿ ಕಾಗದದ ಮೇಲಿಟ್ಟು ಬಟ್ಟಲು ಮುಚ್ಚಿದೆ. ಬೆಳಗ್ಗೆ ಎತ್ತಿದಾಗ ಕಾಗದದ ಮೇಲೆ ಚಕ್ರದ ಕಡ್ಡಿಗಳಂತೆ ಪುಡಿ ಉದುರಿತ್ತು, ಮಾಸಲು ಹಸಿರು ಬಣ್ಣ. ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಎಂಬ ಅಣಬೆಯ ಗುರುತು ಅದು. ಹೊಟ್ಟೆಯನ್ನು ಬಹಳ ಕೆಡಿಸುತ್ತದೆ, ಆದರೆ ಡೆತ್ ಕ್ಯಾಪ್‌ನ ಗುಂಪಿನದಲ್ಲ. ನಮ್ಮ ಆಮೆಗೆ ಹತ್ತು ದಿನ ಮಲ ನೀರಾಗಿ ಹೋಗಿ ಆಮೇಲೆ ಸರಿಯಾಯಿತು. ಈ ಪರೀಕ್ಷೆಗೆ ಒಂದು ರಾತ್ರಿ ಬೇಕು, ಹಾಗೆಂದು ಆಸ್ಪತ್ರೆಗೆ ಹೋಗುವುದನ್ನು ಬೆಳಗಿನವರೆಗೆ ಮುಂದೂಡಬೇಡಿ. ಒಂದು ಛತ್ರಿಯನ್ನು ಮನೆಯಲ್ಲಿ ಕಾಗದದ ಮೇಲಿಟ್ಟು ಹೊರಡಿ.

ಅಣಬೆ ಏಳದಂತೆ ಮದ್ದು ಹೊಡೆಯುವ ಯೋಚನೆಯಿದ್ದರೆ ಬಿಡಿ, ಆಮೆ ಅದೇ ಹುಲ್ಲನ್ನು ಮೇಯಬೇಕು. ಕೀಳುವುದರಿಂದಲೂ ಪೂರ್ತಿ ಹೋಗುವುದಿಲ್ಲ, ಏಕೆಂದರೆ ಮಣ್ಣಿನೊಳಗೆ ನೂಲಿನಂತೆ ಹರಡಿರುವ ಭಾಗ ಉಳಿದಿರುತ್ತದೆ. ಮಳೆಯ ಮರುದಿನ ಆಮೆಗಿಂತ ಮೊದಲು ನೀವು ಹಿತ್ತಲಿಗೆ ಹೋಗಬೇಕು, ಅಷ್ಟೆ. ಮನೆಯೊಳಗಿನ ಹೂಕುಂಡಗಳನ್ನೂ ನೋಡಿ, ಅಲ್ಲಿ ಏಳುವ ಹಳದಿ ಬಣ್ಣದ ಪುಟ್ಟ ಅಣಬೆಯೂ ತಿನ್ನುವಂಥದ್ದಲ್ಲ.

ಪ್ರಶ್ನೆ ಕೇಳಿದವರು, ಆರನೆಯ ದಿನ:

ಎಲ್ಲರಿಗೂ ಕೈಮುಗಿಯುತ್ತೇನೆ. ಮೊದಲ ಉತ್ತರ ಓದಿದ ಕೂಡಲೇ ಹೊರಟೆವು. ವೈದ್ಯರು ನಳಿಕೆಯಿಂದ ಇದ್ದಿಲ ಔಷಧಿ ಕೊಟ್ಟು, ದ್ರವ ಏರಿಸಿ, ಎರಡು ದಿನ ಬೆಚ್ಚಗೆ ಇರಿಸಿಕೊಂಡರು. ಬುಡದ ಸಮೇತ ತಂದದ್ದು ಒಳ್ಳೆಯದಾಯಿತು ಎಂದರು, ಚೀಲದಂತಹ ಪೊರೆ ಇರಲಿಲ್ಲ. ಮನೆಯಲ್ಲಿ ಕಾಗದದ ಮೇಲೆ ಬಿದ್ದದ್ದೂ ಹಸಿರು ಪುಡಿಯೇ. ಮೂರನೆಯ ದಿನದಿಂದ ಮಲ ಸಡಿಲವಾಗಿದೆ, ನಡಿಗೆಯೂ ಮಂದವಾಗಿದೆ. ದಿನಕ್ಕೊಮ್ಮೆ ಗಲ್ಲಕ್ಕಿಂತ ಕೆಳಗೆ ನಿಲ್ಲುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸುತ್ತೇನೆ, ಏಳುವವರೆಗೆ ಪಕ್ಕದಿಂದ ಕದಲುವುದಿಲ್ಲ. ನಿನ್ನೆ ಸಂಜೆ ದಾಸವಾಳದ ಎಲೆಯೊಂದನ್ನು ತಾನಾಗಿ ಕಚ್ಚಿತು. ಮುಂದಿನ ವಾರ ರಕ್ತಪರೀಕ್ಷೆ ಇದೆ, ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.

ಹಿತ್ತಲನ್ನು ಈಗ ಮಾವನವರೇ ನೋಡಿಕೊಳ್ಳುತ್ತಿದ್ದಾರೆ. ಬೆಳಕು ಹರಿಯುವ ಮೊದಲೇ ಟಾರ್ಚ್ ಹಿಡಿದು ಹೋಗಿ ಬರುತ್ತಾರೆ. ಇಂದು ಏಳು ಸಿಕ್ಕಿದವು.