ಉಬುಂಟು 22.04ಕ್ಕೆ ಏರಿಸಿದ ಮೇಲೆ ಡಿಎನ್‌ಎಸ್‌ಮಾಸ್ಕ್ ಏಳುತ್ತಿಲ್ಲ, ಹಳೇ ಸೆಟ್ಟಿಂಗ್ ವಾಪಸ್ ತರುವುದು ಹೇಗೆ?

ಶಿರಸಿ ವಖಾರಿ:
ನಮಸ್ಕಾರ. ಶಿರಸಿಯಲ್ಲಿ ನಮ್ಮದೊಂದು ಅಡಿಕೆ ವಖಾರಿ. ಆಫೀಸಿನ ಹಳೇ ಕಂಪ್ಯೂಟರೇ ನಮ್ಮ ಡಿಎನ್‌ಎಸ್ ಸರ್ವರ್, ಅಂದರೆ ಹೆಸರು ಕೇಳಿದರೆ ಆ ಯಂತ್ರದ ಐಪಿ ವಿಳಾಸ ಹೇಳುವಂಥದ್ದು. ಆ ಕೆಲಸ ಮಾಡುವ ಪ್ರೋಗ್ರಾಂ ಡಿಎನ್‌ಎಸ್‌ಮಾಸ್ಕ್. ಬಿಲ್ಲಿಂಗ್, ತೂಕದ ಕಂಪ್ಯೂಟರ್, ಪ್ರಿಂಟರ್ ಎಲ್ಲವೂ ಹೆಸರಿನ ಮೇಲೇ ನಡೆಯುತ್ತವೆ. ಮಳೆಗಾಲದಲ್ಲಿ ಮರ ಬಿದ್ದು ಇಂಟರ್ನೆಟ್ ಹೋದರೂ ಒಳಗಿನ ಕೆಲಸ ನಿಲ್ಲಬಾರದು ಅಂತ ಇಟ್ಟುಕೊಂಡದ್ದು. 20.04ರಿಂದ 22.04ಕ್ಕೆ ಅಪ್‌ಗ್ರೇಡ್ ಆದ ಮೇಲೆ ಡಿಎನ್‌ಎಸ್‌ಮಾಸ್ಕ್ ಶುರುವೇ ಆಗುತ್ತಿಲ್ಲ. ಡಿಎನ್‌ಎಸ್ ಪ್ರಶ್ನೆಗಳು ಬರುವ ಪೋರ್ಟ್ 53 ಆಗಲೇ ಬಳಕೆಯಲ್ಲಿದೆ ಅಂತ ಲಾಗ್ ಹೇಳುತ್ತಿದೆ. ಕಾನ್ಫಿಗ್ ಫೈಲ್ ತೆರೆದರೆ ನಾವು ಬರೆದ ಒಂದು ಸಾಲೂ ಇಲ್ಲ, ಎಲ್ಲದರ ಮುಂದೆಯೂ ಹ್ಯಾಶ್ ಗುರುತು, ಅಂದರೆ ಯಾವ ಸಾಲೂ ಚಾಲ್ತಿಯಲ್ಲಿಲ್ಲ! ಚಾಲಿ (ಒಣಗಿಸಿ ಸುಲಿದ ಅಡಿಕೆ) ಬರುವ ಹೊತ್ತು, ಬೆಳಿಗ್ಗೆಯಿಂದ ಬಿಲ್ಲು ಕೈಯಲ್ಲಿ ಬರೆಯುತ್ತಿದ್ದೇವೆ. ಬೇರೆ ಮೆಷಿನ್ ಒಂದನ್ನು ತಂದಿಟ್ಟಿದ್ದೇವೆ, ಎಲ್ಲವನ್ನೂ ಅದಕ್ಕೇ ಸಾಗಿಸಬಹುದಾ?

ಹೊನ್ನಾವರ ಲಿನಕ್ಸ್:
ಪೋರ್ಟ್ 53ನ್ನು ಉಬುಂಟುವಿನದೇ ಹೆಸರು ಹುಡುಕುವ ಸೇವೆ ಸಿಸ್ಟಮ್‌ಡಿ-ರಿಸಾಲ್ವ್ಡ್ ಹಿಡಿದುಕೊಂಡಿದೆ. ಅದನ್ನು ಡಿಸೇಬಲ್ ಮಾಡಿ ಸರ್, ಆಗುತ್ತದೆ.

ಕಾರವಾರ ಕೇಬಲ್:
ಸುಮ್ನೆ ಡಿಸೇಬಲ್ ಮಾಡಬೇಡಿ ಮಾರಾಯ್ರೇ. ಹೆಸರನ್ನು ಯಾರ ಹತ್ತಿರ ಕೇಳಬೇಕು ಅಂತ ಹೇಳುವ ಸರ್ವರಿನ ರಿಸಾಲ್ವ್ ಡಾಟ್ ಕಾನ್ಫ್ ಫೈಲು ರಿಸಾಲ್ವ್ಡ್ ಕೂತಿರುವ 127.0.0.53 ವಿಳಾಸವನ್ನೇ ತೋರಿಸುತ್ತಿರುತ್ತದೆ. ಅಲ್ಲಿ ಉತ್ತರ ಕೊಡುವವರೇ ಇಲ್ಲದಿದ್ದರೆ ಆ ಮೆಷಿನ್ನಿಗೆ ಒಂದು ಪ್ಯಾಕೇಜ್ ಇಳಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ನಿಮ್ಮ ಎರಡೂ ತೊಂದರೆಯ ಬುಡ ಒಂದೇ ಅನ್ನಿಸುತ್ತದೆ. ಅಪ್‌ಗ್ರೇಡ್ ನಡುವೆ ಹೊಸ ಕಾನ್ಫಿಗ್ ಹಾಕಲಾ ಅಂತ ಕೇಳುತ್ತದೆ. ಹೂಂ ಅಂದರೆ ಪ್ಯಾಕೇಜಿನ ಫೈಲು ಬಂದು ಕೂರುತ್ತದೆ, ನಿಮ್ಮದು ಸೆಟ್ಟಿಂಗ್ ಫೈಲುಗಳಿರುವ ಅದೇ ಇಟಿಸಿ ಫೋಲ್ಡರಿನಲ್ಲಿ ಡಿಎನ್‌ಎಸ್‌ಮಾಸ್ಕ್.ಕಾನ್ಫ್.ಡಿಪಿಕೆಜಿ-ಓಲ್ಡ್ ಅನ್ನುವ ಹೆಸರಲ್ಲಿ ಉಳಿಯುತ್ತದೆ. ಅದನ್ನು ತೆರೆದು 'ಬೈಂಡ್-ಇಂಟರ್ಫೇಸಸ್' ಅನ್ನುವ ಸಾಲು ಇದೆಯಾ ನೋಡಿ. ಆ ಸಾಲಿದ್ದರೆ ಡಿಎನ್‌ಎಸ್‌ಮಾಸ್ಕ್ ತನ್ನ ವಿಳಾಸಗಳಲ್ಲಿ ಮಾತ್ರ ಕೂರುತ್ತದೆ. ಇಲ್ಲದಿದ್ದರೆ ಎಲ್ಲ ವಿಳಾಸಕ್ಕೂ ಕೈ ಹಾಕಿ ರಿಸಾಲ್ವ್ಡ್ ಜೊತೆ ಜಗಳಕ್ಕೆ ಬೀಳುತ್ತದೆ.

ಏನೇ ಮುಟ್ಟುವ ಮೊದಲು ಇಟಿಸಿ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ದಯವಿಟ್ಟು. ಹೋಸ್ಟ್ಸ್ ಫೈಲು, ಡಿಎನ್‌ಎಸ್‌ಮಾಸ್ಕ್.ಡಿ ಫೋಲ್ಡರು ಎಲ್ಲ ಅದರಲ್ಲೇ ಬರುತ್ತವೆ. ಡಿಎಚ್‌ಸಿಪಿಯೂ (ಕಂಪ್ಯೂಟರುಗಳಿಗೆ ಐಪಿ ಹಂಚುವ ಕೆಲಸ) ಇದರಿಂದಲೇ ನಡೆಯುತ್ತಿದ್ದರೆ ವಾರ್ ಒಳಗಿನ ಲಿಬ್, ಅದರೊಳಗಿನ ಮಿಸ್ಕ್‌ನಲ್ಲಿರುವ ಲೀಸಸ್ ಫೈಲೂ (ಯಾರಿಗೆ ಯಾವ ಐಪಿ ಕೊಟ್ಟಿದೆ ಅನ್ನುವ ಪಟ್ಟಿ) ಬೇಕು.

ಹೊಸ ಮೆಷಿನ್ನಿಗೆ ಹಳೇ ಐಪಿಯನ್ನೇ ಕೊಡಿ. ಪ್ರಿಂಟರಿನೊಳಗೆ ಯಾವತ್ತೋ ಒತ್ತಿಟ್ಟ ಡಿಎನ್‌ಎಸ್ ವಿಳಾಸವನ್ನು ಹುಡುಕಿ ಬದಲಿಸುವ ಕಷ್ಟ ತಪ್ಪುತ್ತದೆ. ನೆಟ್‌ವರ್ಕ್ ಕಾರ್ಡಿನ ಹೆಸರು ಮಾತ್ರ ಬೇರೆ ಇರಬಹುದು, ಇಂಟರ್ಫೇಸ್ ಸಾಲಿನಲ್ಲಿ ತಿದ್ದಿ. ಆಮೇಲೆ ಡಿಎನ್‌ಎಸ್‌ಮಾಸ್ಕ್ --ಟೆಸ್ಟ್ ಕೊಟ್ಟರೆ ಬರೆದದ್ದರಲ್ಲಿ ತಪ್ಪಿದ್ದರೆ ಹೇಳುತ್ತದೆ. ಎರಡೂ ಮೆಷಿನ್ ಒಟ್ಟಿಗೆ ಓಡಬಾರದು, ನೆನಪಿರಲಿ.

ಶಿರಸಿ ವಖಾರಿ:
ಸಿಕ್ಕಿತು ಸರ್! ಡಿಪಿಕೆಜಿ-ಓಲ್ಡ್‌ನಲ್ಲಿ ಎಲ್ಲ ಹೆಸರೂ ಹಾಗೇ ಇವೆ, ನೀವು ಹೇಳಿದ ಸಾಲೂ ಇದೆ. ಅದನ್ನೇ ವಾಪಸ್ ಹಾಕಿದೆ, ಸದ್ಯ ಹಳೇ ಮೆಷಿನ್ನಿನಲ್ಲೇ ಬಿಲ್ಲಿಂಗ್ ಶುರುವಾಗಿದೆ. ಸಂಜೆ ಟೆಂಡರ್ ಮುಗಿದ ಮೇಲೆ ಹೊಸದಕ್ಕೆ ಸಾಗಿಸುತ್ತೇನೆ. ಲೀಸಸ್ ಫೈಲ್ ಕಾಪಿ ಮಾಡುವಾಗ ಹಳೇದನ್ನು ಮೊದಲೇ ನಿಲ್ಲಿಸಬೇಕು ಅಲ್ವಾ?

ಕಾರವಾರ ಕೇಬಲ್:
ಹೌದು, ನಿಲ್ಲಿಸಿಯೇ ಕಾಪಿ ಮಾಡಿ.